ಬರಲಾರೆ, ಬರಲೊಲ್ಲೆ

ಬೆಟ್ಟ ಹತ್ತಲು ಏನೇನು ಬೇಕೆಂದು ಬಲ್ಲವರನ್ನು ಕೇಳಿ ನೋಡಿ. ಗಟ್ಟಿ ಅಟ್ಟೆಯ ಬೂಟು, ಹಗ್ಗ, ಟಾರ್ಚು, ಎರಡು ಬಾಟಲಿ ನೀರು, ಒಂದಿಷ್ಟು ಚಪಾತಿ, ಚಟ್ನಿಪುಡಿ ಎಂದು ಪಟ್ಟಿ ಹೇಳುತ್ತಾರೆ. ಇವೆಲ್ಲ ಅಂಗಡಿಯಲ್ಲಿಯೋ ಅಡಿಗೆಮನೆಯಲ್ಲಿಯೋ ಸಿಕ್ಕುವ ಪದಾರ್ಥಗಳು. ಸುಲಭವಾಗಿ ಸಿಕ್ಕದ ಪದಾರ್ಥ ಒಂದಿದೆ; ಅದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಬರುತ್ತೇನೆಂದು ಶನಿವಾರ ರಾತ್ರಿ ಹೇಳಿ, ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ನಿಜವಾಗಿಯೂ ಬರುವ ಜೊತೆಗಾರನೇ ಅದು.

ಬೆಂಗಳೂರಿನವರಿಗೆ ಬೆಟ್ಟವೆಂದರೆ ಮೊದಲು ನೆನಪಾಗುವುದು ಚಿಕ್ಕಬಳ್ಳಾಪುರದ ಸೀಮೆ. 2007ರವರೆಗೆ ಕೋಲಾರಕ್ಕೆ ಸೇರಿದ್ದು, ಆಮೇಲೆ ತಾನೇ ಒಂದು ಜಿಲ್ಲೆಯಾದ ಈ ನಾಡಿನಲ್ಲಿ ನೀರಿಗೆ ಬರವುಂಟು, ಬೆಟ್ಟಕ್ಕೆ ಬರವಿಲ್ಲ. ನಂದಿಯ ಸಾಲಿನಲ್ಲಿ ಐದು ನದಿಗಳು ಹುಟ್ಟುತ್ತವೆಂದು ಹೇಳುವ ವಾಡಿಕೆಯಿದೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ಹುಟ್ಟಿದವುಗಳಲ್ಲಿ ಒಂದಾದರೂ ಇಲ್ಲಿಯ ರೈತನ ಕೈ ಹಿಡಿದು ನಿಂತದ್ದಿಲ್ಲ. ಮಾತು ಕೊಟ್ಟು ಕೈಕೊಡುವ ವಿದ್ಯೆಯನ್ನು ಈ ಸೀಮೆಗೆ ನದಿಗಳೇ ಮೊದಲು ಕಲಿಸಿರಬೇಕು. ಅದು ಹಾಗಿರಲಿ. ನಂದಿ, ಅದರ ನೆರೆಯಲ್ಲಿ ಸ್ಕಂದಗಿರಿಯೆಂದು ಹೊಸ ಹೆಸರು ಪಡೆದ ಕಳವಾರದುರ್ಗ, ಬ್ರಹ್ಮಗಿರಿ, ಪೇರೇಸಂದ್ರದಾಚೆಯ ಆವಲಬೆಟ್ಟ, ಗುಡಿಬಂಡೆಯ ಕೋಟೆ, ಚಿಂತಾಮಣಿಯ ಬಳಿಯ ಅಂಬಾಜಿದುರ್ಗ, ಕೈವಾರದ ಬೆಟ್ಟ; ಹತ್ತುವ ಮನಸ್ಸಿದ್ದವನಿಗೆ ವರ್ಷದ ಭಾನುವಾರಗಳು ಸಾಲವು. ಎಲ್ಲಕ್ಕೂ ಹಿರಿಯದಾದ ನಂದಿಯ ಎತ್ತರ ಸಮುದ್ರಮಟ್ಟದಿಂದ 1,478 ಮೀಟರು. ಹಿಮಾಲಯ ಹತ್ತಿದವರು ಇದನ್ನು ಕೇಳಿ ನಗಬಹುದು. ಆದರೆ ನೆಪ ಹೇಳುವವನಿಗೆ ಎವರೆಸ್ಟೂ ಒಂದೇ, ನಂದಿಯೂ ಒಂದೇ.

ಬಾರದವನು ಸುಮ್ಮನೆ ಬಾರದೆ ಇರುವುದಿಲ್ಲ. ಕಾರಣವೊಂದನ್ನು ಕಳಿಸುತ್ತಾನೆ. ಹಿಂದೆ ಆ ಕಾರಣ ಮಾರನೆಯ ದಿನ ಆಫೀಸಿನಲ್ಲಿ ಮುಖಾಮುಖಿಯಾಗಿ ಸಿಕ್ಕುತ್ತಿತ್ತು. ಹೇಳುವವನ ಮುಖ ನೋಡಿ ಅದರ ತೂಕವನ್ನು ಅಳೆಯಬಹುದಾಗಿತ್ತು. ಈಗ ಅದು ಬೆಳಗಿನ ಜಾವ ಎರಡೂಮುಕ್ಕಾಲಿಗೆ ವಾಟ್ಸಾಪಿನಲ್ಲಿ, ಮುಖವಿಲ್ಲದೆ, ಕೈಮುಗಿದ ಒಂದು ಚಿತ್ರದೊಡನೆ ಬರುತ್ತದೆ. ನಮ್ಮ ಪುಟ್ಟ ತಂಡದಲ್ಲಿ ವರ್ಷಗಳಿಂದ ಕೂಡಿಬಿದ್ದ ಇಂಥ ಕಾರಣಗಳನ್ನು ಬರೆದಿಟ್ಟಿದ್ದರೆ ಒಂದು ಸಣ್ಣ ನಿಘಂಟೇ ಆಗುತ್ತಿತ್ತು. ನಮ್ಮವರೊಬ್ಬರ ಕಾಲು ಉಳುಕುವುದು ಶನಿವಾರ ಸಂಜೆ, ಗುಣವಾಗುವುದು ಸೋಮವಾರ ಬೆಳಿಗ್ಗೆ. ಸ್ಕಂದಗಿರಿಗೆ ಹೊರಟಾಗ ಎಡಗಾಲು, ಆವಲಬೆಟ್ಟಕ್ಕೆ ಹೊರಟಾಗ ಬಲಗಾಲು; ಪಕ್ಷಪಾತವನ್ನರಿಯದ ಉಳುಕು. ಮತ್ತೊಬ್ಬರ ಬೂಟನ್ನು ಮನೆಯ ನಾಯಿ ಕಚ್ಚಿಕೊಂಡು ಹೋಯಿತು. ಸಾಕ್ಷಿಗೆಂದು ಒಂಟಿ ಬೂಟಿನ ಫೋಟೋ ಕಳಿಸಿದರು. ಅದೇ ಫೋಟೋದಲ್ಲಿ ಮಂಚದ ಕೆಳಗಿನಿಂದ ಇನ್ನೊಂದು ಬೂಟು ಮೂತಿ ಚಾಚಿ ನಮ್ಮನ್ನು ನೋಡುತ್ತಿತ್ತು. ಮೂರನೆಯವರ ಸೋದರತ್ತೆ ಮೂರು ವರ್ಷದಲ್ಲಿ ಎರಡು ಸಲ ತೀರಿಕೊಂಡರು. ಇನ್ನೊಂದು ಸಲ ತೀರಿಕೊಂಡರೆ ನಾವೇ ಹಾರ ತೆಗೆದುಕೊಂಡು ಹೋಗೋಣವೆಂದಿದ್ದೆವು. ಅಷ್ಟರಲ್ಲಿ ಆ ತಾಯಿಯೇ ಒಂದು ಮದುವೆಮನೆಯಲ್ಲಿ ಸಿಕ್ಕಿ, “ನೀವೆಲ್ಲ ಅದೇನೋ ಬೆಟ್ಟ ಹತ್ತುತೀರಂತಲ್ಲಪ್ಪ, ನಮ್ಮ ಹುಡುಗನ್ನೂ ಒಂದು ಸಲ ಕರಕೊಂಡು ಹೋಗಿ, ಮೈ ಬೆಳೆದುಹೋಗಿದೆ” ಎಂದರು.

ಶಾಸ್ತ್ರದಲ್ಲಿ ನಂಬಿಕೆಯಿಲ್ಲವೆಂದು ಸದಾ ಸಾರುವ ಗೆಳೆಯರೊಬ್ಬರು ಒಂದು ಭಾನುವಾರ, ಉತ್ತರ ದಿಕ್ಕಿಗೆ ವಾರಶೂಲೆಯಿದೆ, ಮನೆಯಲ್ಲಿ ಬಿಡುವುದಿಲ್ಲ ಎಂದರು. ಪಂಚಾಂಗ ಬಲ್ಲ ಇನ್ನೊಬ್ಬರು, ಭಾನುವಾರದ ಶೂಲೆ ಪಶ್ಚಿಮಕ್ಕಲ್ಲವೇ, ಚಿಕ್ಕಬಳ್ಳಾಪುರ ಇರುವುದು ಉತ್ತರಕ್ಕೆ, ಧಾರಾಳವಾಗಿ ಬನ್ನಿ ಎಂದು ತಿರುಗಿ ಬರೆದರು. ಅದಕ್ಕೆ ಬಂದ ಉತ್ತರ: “ನಮ್ಮ ಬಾಗಿಲಿರುವುದು ಪಶ್ಚಿಮಕ್ಕೆ.” ಇಂಥ ಪ್ರತಿಭೆಯ ಮುಂದೆ ಕೋಪ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ವೇದಾಂತಿಯ ನೆಪ: “ಬೆಟ್ಟ ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ವಾರ ನೋಡೋಣ.” ಇದಕ್ಕೆ ಬಹಳ ಕಾಲ ನಮ್ಮಲ್ಲಿ ಉತ್ತರವಿರಲಿಲ್ಲ. 2021ರ ಆಗಸ್ಟಿನಲ್ಲಿ ನಂದಿಬೆಟ್ಟದ ಒಂದು ಮಗ್ಗುಲು ಮಳೆಗೆ ಕುಸಿದು, ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಜನರನ್ನು ಮೇಲೆ ಬಿಡಲಿಲ್ಲ. ಬೆಟ್ಟವೂ ಓಡಿಹೋಗಬಲ್ಲದೆಂದು ಆಗ ಗೊತ್ತಾಯಿತು. ಇನ್ನು ಜಿಲ್ಲೆಯ ಉದ್ದಕ್ಕೂ ಕಲ್ಲುಗಣಿಗಳು ಮೆದ್ದ ಗುಡ್ಡಗಳನ್ನು ಕಂಡವರು ಈ ಮಾತನ್ನು ಆಡಲಾರರು.

ಈ ನೆಪಗಳೆಲ್ಲ ಬಂದು ಬೀಳುವ ಜಾಗವೂ ಎಂಥದು ನೋಡಿ. ಸಮಯಪಾಲನೆಗೆ ನಾಡಿನಲ್ಲೆಲ್ಲ ಮಾದರಿಯಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇದೇ ಬೆಟ್ಟಗಳ ಬುಡದಲ್ಲಿದೆ. ಅವರ ಸಮಾಧಿಯೂ ಅಲ್ಲಿಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಹೈಸ್ಕೂಲು ಸೇರಿದ. ಆತನೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು. ಅದೇ ದಾರಿಯಲ್ಲಿ ಈಗ ನಾಲ್ಕು ಚಕ್ರದ ವಾಹನವಿಟ್ಟುಕೊಂಡ ನಾವು, ಟೈರಿನ ಗಾಳಿ ಕಡಿಮೆಯಿದೆ ಎಂದು ಸಂದೇಶ ಕಳಿಸುತ್ತೇವೆ.

ಹಾಗೆಂದು ಹಿಂದಿನವರೆಲ್ಲ ನೆಪವನ್ನೇ ಅರಿಯದವರು ಎನ್ನುವಂತಿಲ್ಲ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ನಂದಿದುರ್ಗವನ್ನು ಮುತ್ತಿ, ರಾತ್ರಿಯ ವೇಳೆ ಲಗ್ಗೆ ಹತ್ತಲು ಹೊರಟಿತು. ಹತ್ತಬೇಕಾದವರ ನಡುವೆ, ಮೇಲೆ ಮದ್ದಿನ ಸುರಂಗ ಇಟ್ಟಿದ್ದಾರಂತೆ ಎಂಬ ಪಿಸುಮಾತು ಹಬ್ಬಿತು. ಸುರಂಗಕ್ಕೂ ಗಣಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ದಂಡಿನ ಮುಂದಾಳು ಮೆಡೋಸ್ ಸಾಹೇಬ, ಹೌದು, ಇದೆ, ಆದರೆ ಅದು ಚಿನ್ನದ ಗಣಿ ಎಂದುಬಿಟ್ಟನಂತೆ. ಪಿಸುಮಾತು ಅಲ್ಲಿಗೇ ನಿಂತಿತು. ಕೊಳ್ಳೆಯ ಆಸೆಯಿದ್ದಲ್ಲಿ ನೆಪ ನಿಲ್ಲುವುದಿಲ್ಲವೆನ್ನುವುದು ಇದರ ತಾತ್ಪರ್ಯವಾದರೆ, ಭಾನುವಾರದ ಚಾರಣಿಗರಾದ ನಮ್ಮ ಕಷ್ಟ ಅರ್ಥವಾಗುತ್ತದೆ. ನಮ್ಮ ಬೆಟ್ಟದ ಮೇಲೆ ಚಿನ್ನವಿಲ್ಲ, ಮಂಜಿದೆ.

ನೆಪ ಯಾವುದು, ನಿಜ ಯಾವುದು ಎಂದು ಗುರುತಿಸುವುದು ನಾವು ಎಣಿಸಿದಷ್ಟು ಸುಲಭವಲ್ಲವೆಂದು ನಮಗೆ ಕಲಿಸಿದ್ದು ಶಿಡ್ಲಘಟ್ಟದ ರೇಷ್ಮೆಹುಳು. ಆ ತಾಲ್ಲೂಕಿನ ಹಳ್ಳಿಯೊಂದರ ಗೆಳೆಯ ನಮ್ಮ ತಂಡಕ್ಕೆ ಸೇರಿದ ಹೊಸತು. ರಹಮಾನಗಡಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಹಿಂದಿನ ರಾತ್ರಿ ಫೋನು ಬಂತು: “ಅಣ್ಣಾ, ಬೇಜಾರು ಮಾಡ್ಕೊಬೇಡಿ, ಹುಳ ಹಣ್ಣಾಗ್ಬಿಟ್ಟವೆ, ಬರಾಕಾಗಲ್ಲ.” ಪಟ್ಟಣದ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವು ಹಣ್ಣಾಗುವುದನ್ನು ಕೇಳಿದ್ದೆವು, ಬಾಳೆ ಹಣ್ಣಾಗುವುದನ್ನು ಕೇಳಿದ್ದೆವು, ಹುಳು ಹಣ್ಣಾಗುವುದೆಂದರೇನು! ವರ್ಷದ ಶ್ರೇಷ್ಠ ನೆಪವೆಂದು ಅದಕ್ಕೆ ಎಲ್ಲರೂ ಕೂಡಿ ಬಹುಮಾನ ಕೊಟ್ಟೆವು.

ಅದು ನೆಪವಾಗಿರಲಿಲ್ಲ. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬೆಳೆಗಾರರು ಅದಕ್ಕೆ ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಒಂದು ವಾರದ ಕಾಲ ಬಕಾಸುರನಂತೆ ಮೇಯುತ್ತದೆ. ಹುಟ್ಟಿದಂದಿನಿಂದ ಗೂಡು ಕಟ್ಟುವವರೆಗೆ ಅದು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೇಲೆ ಈ ಒಂದು ವಾರದ್ದೇ. ಹಗಲಿಲ್ಲ ಇರುಳಿಲ್ಲ, ಮನೆಮಂದಿಯೆಲ್ಲ ಸೊಪ್ಪು ಹೊರಬೇಕು. ಆಮೇಲೆ ಒಂದು ದಿನ ಹುಳು ಮೇಯುವುದನ್ನು ಬಿಡುತ್ತದೆ. ಮೈಯ ಬಣ್ಣ ತಿರುಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಅದೇ ಹಣ್ಣಾಗುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಕೈ ತಡವಾದರೆ ನೂಲು ಎಲ್ಲೆಂದರಲ್ಲಿ ಚೆಲ್ಲಿಹೋಗುತ್ತದೆ. ತಿಂಗಳ ದುಡಿಮೆ, ಮಗಳ ಶಾಲೆಯ ಫೀಸು, ಬ್ಯಾಂಕಿನ ಕಂತು ಎಲ್ಲ ಆ ಒಂದು ದಿನದ ಕೈಯಲ್ಲಿರುತ್ತದೆ. ನಾವು ಬಹುಮಾನ ಕೊಟ್ಟ ರಾತ್ರಿ ಆತ ಕಣ್ಣಿಗೆ ಕಣ್ಣು ಮುಚ್ಚಿರಲಿಲ್ಲ.

ಈಗ ನಮಗೂ ಸ್ವಲ್ಪ ವಿದ್ಯೆ ಬಂದಿದೆ. ಆ ಗೆಳೆಯ ಇನ್ನೊಮ್ಮೆ ಫೋನು ಮಾಡಿ, “ಹುಳುಗಳಿಗೆ ಜ್ವರ ಬಂದವೆ, ಬರಾಕಾಗಲ್ಲ” ಎಂದ. ಜ್ವರದಲ್ಲಿರುವ ಹುಳು ಮೇಯುವುದಿಲ್ಲ, ಅದಕ್ಕೆ ಸೊಪ್ಪು ಹಾಕುವ ಕೆಲಸವೂ ಇಲ್ಲ. ಬೆಳೆಗಾರನಿಗೆ ಸಿಕ್ಕುವ ಬಿಡುವೇ ಅದು. ಹಾಗೆಂದಾಗ ಆತ ಫೋನಿನಲ್ಲಿಯೇ ನಕ್ಕುಬಿಟ್ಟ. “ಹೋಗಲಿ ಬಿಡಿ ಅಣ್ಣಾ, ಇವತ್ತು ಮನಸ್ಸಿಲ್ಲ” ಎಂದ. ಮೊದಲೇ ಹಾಗೆನ್ನಲು ಅವನಿಗೇನು ಅಡ್ಡಿಯಾಗಿತ್ತು? ನನ್ನನ್ನು ಈ ಪ್ರಬಂಧಕ್ಕೆ ಎಳೆದದ್ದು ಆ ಪ್ರಶ್ನೆ.

ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಎಲ್. ಆಸ್ಟಿನ್ 1956ರಲ್ಲಿ ನೆಪಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಉಪನ್ಯಾಸ ಮಾಡಿದ. ತಪ್ಪೆಂದು ಆರೋಪ ಬಂದಾಗ ಮನುಷ್ಯ ಎರಡು ಬಗೆಯಲ್ಲಿ ಉತ್ತರ ಕೊಡಬಹುದು ಎಂದು ಅವನು ಬಿಡಿಸಿ ತೋರಿಸಿದ್ದಾನೆ. ಮಾಡಿದ್ದು ನಾನೇ, ಆದರೆ ಅದು ತಪ್ಪಲ್ಲ ಎನ್ನುವುದು ಒಂದು, ಅದು ಸಮರ್ಥನೆ. ಆದದ್ದು ತಪ್ಪೇ, ಆದರೆ ಅದರ ಹೊಣೆ ಪೂರಾ ನನ್ನದಲ್ಲ ಎನ್ನುವುದು ಇನ್ನೊಂದು, ಅದು ನೆಪ. ಮಗುವಿಗೆ ಮೈ ಸುಡುತ್ತಿತ್ತು, ಅದನ್ನು ಬಿಟ್ಟು ಬೆಟ್ಟಕ್ಕೆ ಬರುವುದೇ ತಪ್ಪಾಗುತ್ತಿತ್ತು ಎಂದರೆ ಸಮರ್ಥನೆ. ಅಲಾರಂ ಹೊಡೆಯಲಿಲ್ಲ ಎಂದರೆ ನೆಪ. ಆಸ್ಟಿನ್ನನ ಈ ಗೆರೆ ಬಹಳ ಚೊಕ್ಕವಾದದ್ದು. ಆದರೆ “ಇವತ್ತು ಮನಸ್ಸಿಲ್ಲ” ಎಂಬ ನಮ್ಮ ಶಿಡ್ಲಘಟ್ಟದ ಮಾತು ಈ ಗೆರೆಯ ಯಾವ ಕಡೆಗೆ ಬೀಳುತ್ತದೆ? ಅದು ಹೊಣೆಯನ್ನು ಜಾರಿಸುತ್ತಿಲ್ಲ, ಮಾಡಿದ್ದು ಸರಿಯೆಂದು ವಾದಿಸುತ್ತಲೂ ಇಲ್ಲ. ಇದ್ದುದನ್ನು ಇದ್ದಂತೆ ಹೇಳುತ್ತದೆ, ಅಷ್ಟೆ.

ಇಲ್ಲಿ ಇಂಗ್ಲಿಷಿಗಿಂತ ನಮ್ಮ ಕನ್ನಡವೇ ಹೆಚ್ಚು ನೆರವಾಗುತ್ತದೆಂದು ನನಗೆ ತೋರುತ್ತದೆ. ಹಳಗನ್ನಡದಿಂದಲೂ ನಮ್ಮಲ್ಲಿ ಎರಡು ಇಲ್ಲಗಳಿವೆ: ಒಂದು ಆರೆ, ಇನ್ನೊಂದು ಒಲ್ಲೆ. ಬರಲಾರೆನೆಂದರೆ ಬರುವ ಶಕ್ತಿಯೋ ಅನುಕೂಲವೋ ಇಲ್ಲವೆಂದರ್ಥ. ಬರಲೊಲ್ಲೆನೆಂದರೆ ಬರುವ ಇಷ್ಟವಿಲ್ಲವೆಂದರ್ಥ. ಈ ತಾಲ್ಲೂಕುಗಳಲ್ಲಿ ಮನೆಮಾತಾಗಿ ಓಡಾಡುವ ತೆಲುಗಿನಲ್ಲಿಯೂ ಇದೇ ಭೇದವಿದೆ: ರಾಲೇನು ಎಂದರೆ ಬರಲಾರೆ, ರಾನು ಎಂದರೆ ಬರುವುದಿಲ್ಲ, ಮಾತು ಮುಗಿಯಿತು. ಧಾರವಾಡದ ಕಡೆ ಇಂದಿಗೂ ಮಕ್ಕಳು “ನಾ ಒಲ್ಲೆ” ಎಂದು ತಟ್ಟೆಯನ್ನು ಸರಿಸುತ್ತವೆ. ಬೆಂಗಳೂರಿನ ಸಭ್ಯರ ಬಾಯಲ್ಲಿ ಒಲ್ಲೆ ಎಂಬ ಮಾತು ಸತ್ತೇಹೋಗಿದೆ. ಅದರ ಜಾಗದಲ್ಲಿ “ಆಗಲ್ಲ” ಬಂದು ಕುಳಿತಿದೆ. ಇಷ್ಟವಿಲ್ಲದ್ದಕ್ಕೂ ಆಗಲ್ಲ, ಶಕ್ತಿಯಿಲ್ಲದ್ದಕ್ಕೂ ಆಗಲ್ಲ. ಏಕೆ ಆಗಲ್ಲ ಎಂದು ಕೇಳಿದರೆ ಕಾರಣ ಕೊಡಬೇಕು. ಕಾರಣವಿಲ್ಲದವನು ಸೋದರತ್ತೆಯನ್ನು ಕೊಲ್ಲಬೇಕು. ನಮ್ಮ ಪಿಳ್ಳೆನೆವಗಳೆಲ್ಲ ಒಲ್ಲೆಯನ್ನು ಆರೆಗೆ ಅನುವಾದಿಸುವ ಪ್ರಯತ್ನಗಳು. ಅನುವಾದ ಕೆಟ್ಟದಾಗಿದ್ದಷ್ಟೂ ನಗು ಹೆಚ್ಚು.

ಇದು ಸುಳ್ಳಲ್ಲವೇ, ಸುಳ್ಳು ಪಾಪವಲ್ಲವೇ ಎಂದು ಕಟ್ಟುನಿಟ್ಟಿನವರು ಕೇಳಬಹುದು. ಜರ್ಮನಿಯ ಕಾಂಟ್ 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡುವ ಹಕ್ಕು ನಿನಗಿಲ್ಲವೆಂದ. ಆತನ ಮುಂದೆ ಉಳುಕಿದ ಕಾಲಿನ ಗತಿಯೇನು! ನಮ್ಮ ಮಹಾಭಾರತ ಅಷ್ಟು ಬಿಗಿಯಲ್ಲ. ಆದಿಪರ್ವದಲ್ಲಿ ಶರ್ಮಿಷ್ಠೆ ಯಯಾತಿಗೆ, ಪರಿಹಾಸದಲ್ಲಿ, ಹೆಂಗಸರ ವಿಷಯದಲ್ಲಿ, ಮದುವೆಯಲ್ಲಿ, ಪ್ರಾಣಸಂಕಟದಲ್ಲಿ, ಸರ್ವಸ್ವವೂ ಹೋಗುವಾಗ ಆಡಿದ ಸುಳ್ಳು ಪಾತಕವಲ್ಲವೆಂದು ಹೇಳುತ್ತಾಳೆ. ಬೆಟ್ಟಕ್ಕೆ ಬಾರದಿರುವುದು ಆ ಐದರಲ್ಲಿ ಬಂದಿಲ್ಲ, ಪರಿಹಾಸದೊಳಗೆ ಸೇರಿಸಿಕೊಂಡರೆ ಮಾತು ಬೇರೆ. ಆದರೆ ಆ ವಾದವನ್ನು ಒಪ್ಪಿದ ಯಯಾತಿಗೆ ಮಾವನ ಶಾಪದಿಂದ ಅಕಾಲ ಮುಪ್ಪು ಬಂತೆಂಬುದನ್ನೂ ಮರೆಯಬಾರದು. ಆಮೇಲೆ ಬೆಟ್ಟ ಹತ್ತಲು ಅವನಿಗೆ ಯಾವ ನೆಪವೂ ಬೇಕಾಗಿರಲಿಲ್ಲ.

ನೆಪದ ಪರವಾಗಿಯೂ ಹೇಳಬೇಕಾದ ಮಾತುಂಟು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮಗೆ ಬೇಡವಾದವರಿಗೆ ನಾವು ನೆಪ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತೇವೆ. ಬೆಳಗಿನ ಎರಡೂಮುಕ್ಕಾಲಿಗೆ ಎದ್ದು, ನಿದ್ದೆಗಣ್ಣಿನಲ್ಲಿ ನಾಯಿಯನ್ನೂ ಬೂಟನ್ನೂ ಕಲ್ಪಿಸಿ, ಫೋಟೋ ತೆಗೆದು ಕಳಿಸುವವನು ನಮ್ಮ ಸ್ನೇಹಕ್ಕೆ ಏನೋ ಬೆಲೆ ಕೊಟ್ಟಿದ್ದಾನೆ. “ನಿಮ್ಮ ಜೊತೆಗಿಂತ ನನಗೆ ಹಾಸಿಗೆಯೇ ಹಿತ” ಎಂದು ಮುಖಕ್ಕೆ ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ನೆಪ ಹೇಳುವವನಿಗೂ ಅದು ನೆಪವೆಂದು ಗೊತ್ತು, ಕೇಳುವವನಿಗೂ ಗೊತ್ತು. ಇಬ್ಬರೂ ಕೂಡಿ ಒಂದು ಸಣ್ಣ ನಾಟಕ ಆಡಿ ಮುಗಿಸುತ್ತಾರೆ. ಆರತಿ ಅಕ್ಷತೆಗಳಿಗೆ, ಸಭೆ ಸಮಾರಂಭಗಳಿಗೆ ಇದು ಸಾಕು. ನೂರು ಜನ ಸೇರುವ ಮದುವೆಯಲ್ಲಿ ಒಬ್ಬ ಬಾರದಿದ್ದರೆ ಒಂದು ಎಲೆ ಉಳಿಯುತ್ತದೆ, ಅಷ್ಟೆ.

ಬೆಟ್ಟದ ಲೆಕ್ಕ ಬೇರೆ. ಹಗ್ಗ ಕಟ್ಟಿ ಬಂಡೆ ಹತ್ತುವ ಆಟದಲ್ಲಿ ಇಬ್ಬರು ಸೇರಿ ಒಬ್ಬ ಆಗುತ್ತಾನೆ. ಮೇಲೆ ಹೋಗುವವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಕೆಳಗಿರುವವನ ಕೈಯಲ್ಲಿರುತ್ತದೆ. ಅವನು ಹಗ್ಗವನ್ನು ಹದವಾಗಿ ಬಿಡಬೇಕು, ಕಾಲು ಜಾರಿದ ಕ್ಷಣದಲ್ಲಿ ತಡೆದು ನಿಲ್ಲಿಸಬೇಕು. ಈ ಸೀಮೆಯ ಹಾಸುಬಂಡೆಗಳಲ್ಲಿ ಹಿಡಿಯಲು ಬಿರುಕಿರುವುದೂ ಅಪರೂಪ. ಅಂಗಾಲಿನ ಘರ್ಷಣೆಯ ಮೇಲೆ ಭಾರ ಹಾಕಿ ಹೋಗುವುದು. ಅಲ್ಲಿ ಒಬ್ಬ ಬಾರದಿದ್ದರೆ ಒಂದು ಎಲೆ ಉಳಿಯುವುದಿಲ್ಲ, ಊಟವೇ ನಿಲ್ಲುತ್ತದೆ. ಅಥವಾ, ಇನ್ನೂ ಕೆಟ್ಟದ್ದೆಂದರೆ, ಉಳಿದವನು ಹುಮ್ಮಸ್ಸಿನಲ್ಲಿ ಒಂಟಿಯಾಗಿಯೇ ಹೊರಡುತ್ತಾನೆ. 2022ರ ಫೆಬ್ರವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಕಾಲು ಜಾರಿ ಬಿದ್ದು ಬಂಡೆಯ ನಡುವೆ ಸಿಕ್ಕಿಕೊಂಡ ತರುಣನೊಬ್ಬನನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರೇ ಬರಬೇಕಾಯಿತು. ಬೆಂಗಳೂರಿನಿಂದ ಒಂದೂವರೆ ಗಂಟೆಯ ದಾರಿ, ಕೆಳಗೆ ದ್ರಾಕ್ಷಿತೋಟ, ಬಸ್ಸಿನ ಸದ್ದು ಕೇಳಿಸುತ್ತದೆ. ಆದರೂ ಬಂಡೆ ಬಂಡೆಯೇ.

ಆದರೆ ನಾನು ಹೇಳಹೊರಟ ಕೇಡು ಇದಕ್ಕಿಂತ ಒಳಗಿನದು. ಕೆಳಗೆ, ಊರಿನಲ್ಲಿ, ನಾವು ಒಲ್ಲೆಯನ್ನು ಆರೆಯೆಂದು ಹೇಳುತ್ತೇವಷ್ಟೆ. ಮೇಲೆ, ಬಂಡೆಯ ಮೇಲೆ, ಇದು ತಿರುಗುಮುರುಗಾಗುತ್ತದೆ. ಅಲ್ಲಿ ಆರೆಯನ್ನು ಒಲ್ಲೆಯೆಂದು ಹೇಳುತ್ತೇವೆ. ಅರ್ಧ ಬೆಟ್ಟ ಹತ್ತಿ ತೊಡೆ ನಡುಗುತ್ತಿರುವ ಮನುಷ್ಯ, ನನಗೆ ಆಗುತ್ತಿಲ್ಲ ಎನ್ನುವುದಿಲ್ಲ. “ತುದಿಯಲ್ಲಿ ಏನಿದೆ ಮಹಾ, ಇಲ್ಲಿಂದಲೇ ನೋಟ ಚೆನ್ನಾಗಿದೆ, ನೀವು ಹೋಗಿಬನ್ನಿ” ಎನ್ನುತ್ತಾನೆ. ಕೆಳಗೆ ನೋಡಿ ತಲೆ ಸುತ್ತಿದವನು, ಭಯವಾಗುತ್ತಿದೆ ಎನ್ನುವುದಿಲ್ಲ. ಫೋಟೋ ತೆಗೆಯುವ ನೆಪದಲ್ಲಿ ಕುಳಿತುಬಿಡುತ್ತಾನೆ. ಇವರು ಕುಳಿತದ್ದೇ ಒಳ್ಳೆಯದಾಯಿತು. ನಿಜವಾದ ಅಪಾಯ, ಕುಳಿತುಕೊಳ್ಳಲೂ ನೆಪ ಸಿಕ್ಕದೆ, ಹತ್ತುತ್ತಲೇ ಹೋಗುವವನದು. ಅವನ ಹಗ್ಗ ಹಿಡಿದವನಿಗೆ ಕೆಳಗಿನಿಂದ ಮುಖ ಕಾಣುವುದಿಲ್ಲ. “ಹೇಗಿದೆ?” ಎಂದು ಕೂಗಿದರೆ “ಚೆನ್ನಾಗಿದೆ” ಎಂದು ಉತ್ತರ ಬರುತ್ತದೆ. ಆ ಉತ್ತರವನ್ನು ನಂಬಿ ಹಗ್ಗ ಬಿಡುತ್ತಾನೆ.

ಶನಿವಾರ ರಾತ್ರಿ ನಾಯಿಯ ಮೇಲೆ ಹೇಳಿದ ಸುಳ್ಳಿಗೂ, ಭಾನುವಾರ ಬೆಳಿಗ್ಗೆ ಬಂಡೆಯ ಮೇಲೆ ಹೇಳಿದ “ಚೆನ್ನಾಗಿದೆ”ಗೂ ಸಂಬಂಧವಿಲ್ಲವೆಂದು ವಾದಿಸಬಹುದು. ನನಗೆ ಸಂಬಂಧ ಕಾಣುತ್ತದೆ. ಎರಡರಲ್ಲಿಯೂ ಮನುಷ್ಯ ತನ್ನ ಒಳಗಿನ ಸ್ಥಿತಿಯನ್ನು ಜೊತೆಗಾರನಿಗೆ ತಿಳಿಸದೆ, ಅವನನ್ನು ಸಮಾಧಾನಪಡಿಸಿ ಕಳಿಸುತ್ತಿದ್ದಾನೆ. ಸಮಾಧಾನಪಟ್ಟವನಿಗೆ ನಿರ್ಧಾರ ಮಾಡುವ ಅವಕಾಶವಿಲ್ಲ. ಮನಸ್ಸಿಲ್ಲವೆಂದು ಗೊತ್ತಾದರೆ ನಾನು ಬೇರೊಬ್ಬನನ್ನು ಕರೆಯಬಹುದು, ಸುಲಭದ ಬೆಟ್ಟ ಆರಿಸಬಹುದು, ನಿಮ್ಮ ಹಾಗೆ ನಾನೂ ಮಲಗಬಹುದು. ಕಾಲು ಉಳುಕಿದೆಯೆಂದಾಗ ನಾನು ಮಾಡಬಹುದಾದದ್ದು ಒಂದೇ: ಮರುಗುವುದು. ಅದೂ ಇಲ್ಲದ ಕಾಲಿಗೆ. ಈಗ ಸ್ಕಂದಗಿರಿಯಂಥ ಕಡೆ ಹತ್ತುವುದಕ್ಕೆ ಮುಂಚಿತವಾಗಿ ಹೆಸರು ಕೊಟ್ಟು, ಹಣ ಕಟ್ಟಿ ಕಾದಿರಿಸಬೇಕು. ಬಾರದವನ ಹೆಸರಿನ ಜಾಗ ಖಾಲಿಯಾಗಿ ಬೆಟ್ಟ ಹತ್ತಿ ಇಳಿಯುತ್ತದೆ. ಬರಲು ಕಾತರದಿಂದಿದ್ದ ಇನ್ನೊಬ್ಬ ಮನೆಯಲ್ಲಿ ಕುಳಿತಿರುತ್ತಾನೆ. ಇದು ಸಣ್ಣ ನಷ್ಟ, ಇದರ ಬಗ್ಗೆ 'ಇರಲಿ ಬಿಡಿ' ಎನ್ನಬಹುದು.

ಆರೆಯನ್ನು ಆರೆಯೆಂದೇ ಹೇಳಿದವರೊಬ್ಬರ ನೆನಪು ನಂದಿಯಲ್ಲಿಯೇ ಇದೆ. 1927ರ ಮಾರ್ಚಿನಲ್ಲಿ ಬಿಡುವಿಲ್ಲದ ಪ್ರವಾಸದ ನಡುವೆ ಗಾಂಧೀಜಿಯವರ ರಕ್ತದೊತ್ತಡ ಏರಿ ದೇಹ ಕುಸಿಯಿತು. ಗೊತ್ತುಮಾಡಿದ್ದ ಕಾರ್ಯಕ್ರಮಗಳೆಲ್ಲ ನಿಂತುಹೋದವು. ಎಷ್ಟೋ ಊರುಗಳಲ್ಲಿ ಜನ ಕಾದಿದ್ದರು. ಏಪ್ರಿಲಿನಲ್ಲಿ ಅವರನ್ನು ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಕರೆತಂದರು. ದೇಹದ ಸೋಲನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೆ ದೊಡ್ಡ ಹೆಸರನ್ನೂ ಕೊಡಲಿಲ್ಲ. ಮಾತು ಕೊಟ್ಟ ಕಡೆಗೆಲ್ಲ ಹೋಗಲಾರದೆ ಬೆಟ್ಟಕ್ಕೆ ಬಂದ ಏಕೈಕ ಮನುಷ್ಯ ಇವರೇ ಇರಬೇಕು; ನಾವೆಲ್ಲ ಬೆಟ್ಟಕ್ಕೆ ಬರಲಾರದೆ ಬೇರೆ ಕಡೆ ಹೋಗುವವರು.

ಕಾರಣ ಹೇಳುವ ಕಲೆ ಇನ್ನೊಂದು ದಿಕ್ಕಿಗೂ ತಿರುಗಬಲ್ಲದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಭಾರತದ ಏಕಚಕ್ರಪುರವೆಂದೂ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ಸ್ಥಳದವರ ನಂಬಿಕೆ. ಆ ಕಥೆಯಲ್ಲಿ ಭೀಮನ ಕಾಳಗವನ್ನಷ್ಟೆ ನಾವು ನೆನಪಿಟ್ಟುಕೊಂಡಿದ್ದೇವೆ. ಅದಕ್ಕೂ ಮುಂಚೆ, ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ನಡೆದ ವಾದ ಅದಕ್ಕಿಂತ ದೊಡ್ಡದು. ನಾನೇ ಹೋಗಬೇಕು, ಏಕೆಂದರೆ, ಎಂದು ಗಂಡ ಕಾರಣ ಕೊಡುತ್ತಾನೆ. ಇಲ್ಲ, ನಾನೇ ಹೋಗಬೇಕು, ಏಕೆಂದರೆ, ಎಂದು ಹೆಂಡತಿ. ನಾನೇ ಎಂದು ಮಗಳು. ಮಾತು ಸರಿಯಾಗಿ ಬಾರದ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿಕೊಂಡು, ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಳುತ್ತಿದ್ದವರೆಲ್ಲ ನಕ್ಕುಬಿಡುತ್ತಾರೆ. ಹೋಗುವುದಕ್ಕೆ ಅಷ್ಟು ಕಾರಣಗಳನ್ನು ಹುಡುಕಿದ ಮನೆ ಅದೊಂದೇ. ಅಲ್ಲಿ ಯಾರೊಬ್ಬರೂ ಭಯವಿಲ್ಲವೆಂದು ಹೇಳಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಭಯವನ್ನು ನಡುಮನೆಯಲ್ಲಿ ಎಲ್ಲರೆದುರಿಗೆ ಇಟ್ಟುಕೊಂಡೇ ಅವರು ಮಾತಾಡಿದರು. ಆ ಮಾತು ಗೋಡೆಯಾಚೆಗಿದ್ದ ಕುಂತಿಗೆ ಕೇಳಿಸಿದ್ದರಿಂದಲೇ ಅವರಿಗೆ ಭೀಮ ಸಿಕ್ಕಿದ.

ನಮ್ಮ ತಂಡದಲ್ಲಿ ಈಚೆಗೆ ಒಂದು ಪದ್ಧತಿ ಬೆಳೆದುಬಂದಿದೆ. ಯಾರೂ ಅದನ್ನು ಠರಾವು ಮಾಡಲಿಲ್ಲ. ಶಿಡ್ಲಘಟ್ಟದ ಗೆಳೆಯನ ಆ ಫೋನಿನಿಂದ ಶುರುವಾಯಿತೆನ್ನಬಹುದು. ಬಾರದವನು “ಒಲ್ಲೆ” ಎಂದಷ್ಟೆ ಬರೆಯುತ್ತಾನೆ. ಏಕೆ ಎಂದು ಯಾರೂ ಕೇಳುವುದಿಲ್ಲ, ಕೇಳಿದವನು ಎಲ್ಲರಿಗೂ ಕಾಫಿ ಕೊಡಿಸಬೇಕು. ಬೆಟ್ಟದ ಬುಡಕ್ಕೆ ಬಂದ ಮೇಲೂ ಒಲ್ಲೆ ಎನ್ನಬಹುದು, ಅರ್ಧ ದಾರಿಯಲ್ಲಿಯೂ ಎನ್ನಬಹುದು. ಎಂದವನ ಜೊತೆ ಇನ್ನೊಬ್ಬ ಇಳಿದುಬರಬೇಕು, ಮುಖ ಸಿಂಡರಿಸದೆ. ಪದ್ಧತಿ ಬಂದ ಮೊದಲ ತಿಂಗಳು ಎಲ್ಲರೂ ಒಲ್ಲೆ ಎಂದು, ತಂಡವೇ ಮುಚ್ಚಿಹೋಗುವ ಹಾಗಾಗಿತ್ತು. ಆಮೇಲೆ ಬರುವವರು ಬರತೊಡಗಿದರು. ಸೋದರತ್ತೆಗೆ ಆಯುಸ್ಸು ಗಟ್ಟಿಯಾಯಿತು. ಒಂದು ನಷ್ಟವಾಯಿತೆಂದು ಒಪ್ಪಬೇಕು: ನಗುವಿಗೆ ವಸ್ತುವೇ ಇಲ್ಲದಂತಾಗಿದೆ. ಪಶ್ಚಿಮದ ಬಾಗಿಲಿನವರು ಈಗ ಒಂದೇ ಪದ ಬರೆದು ಮಲಗುತ್ತಾರೆ. ಅಂಥ ಪ್ರತಿಭೆ ಹೀಗೆ ವ್ಯರ್ಥವಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹೋದ ಸಲ ಕಳವಾರದವರೆಗೆ ಐದು ಜನ ಬಂದಿದ್ದರು. ಬುಡದಲ್ಲಿ ಇಬ್ಬರು ಒಲ್ಲೆ ಎಂದು ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಒಬ್ಬ ಮಂಡಿ ನೋವೆಂದು ಕೇಳದೆಯೇ ಹೇಳಲು ಹೊರಟಾಗ, ಇನ್ನೊಬ್ಬ ಅವನ ತೊಡೆ ಚಿವುಟಿ ಸುಮ್ಮನಾಗಿಸಿದ. ಉಳಿದ ಮೂವರು ಟಾರ್ಚು ಹಿಡಿದು ಹತ್ತಿ, ತುದಿಯಲ್ಲಿ ಸೂರ್ಯನಿಗಾಗಿ ಎರಡು ಗಂಟೆ ಕಾದರು. ಕೆಳಗೆ ಮೋಡದ ಕಡಲು ಕಾಣಬೇಕಾಗಿತ್ತು. ಆ ದಿನ ಕಡಲು ಮೇಲಕ್ಕೇ ಬಂದು, ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಇಳಿದು ಬಂದಾಗ ಅಂಗಡಿಯಲ್ಲಿ ಬಿಸಿಲು ಬಿದ್ದಿತ್ತು. ಕೆಳಗಿದ್ದ ಇಬ್ಬರೂ ಐವರ ಚಪಾತಿಯನ್ನು ಮುಗಿಸಿ, ಚಟ್ನಿಪುಡಿಯ ಡಬ್ಬಿಯನ್ನು ತೊಳೆದಿಟ್ಟಿದ್ದರು.